ತೇರು ಎಲ್ಲರದು, ಆ ಹೊಲಿಗೆ ನಿಮ್ಮದು

ಪ್ರಶ್ನೆ: ಮೇಡಂ, ನಾನು ಹವ್ಯಾಸಕ್ಕೆ ಕಸೂತಿ ಹಾಕುತ್ತೇನೆ, ಮಾರುವುದಿಲ್ಲ. ಕಪ್ಪು ಬಟ್ಟೆಯ ಮೇಲೆ ತೇರು, ಸುತ್ತ ನವಿಲು ಹಾಕಿ ಫೋಟೊವನ್ನು ಇನ್‌ಸ್ಟಾಗ್ರಾಂನಲ್ಲಿ ಹಂಚಿಕೊಂಡಿದ್ದೆ. ಒಂದು ಬೊಟಿಕ್‌ನವರು ನನ್ನ ಹೆಸರಿದ್ದ ಅಂಚು ಕತ್ತರಿಸಿ, ಅದೇ ಫೋಟೊ ತೋರಿಸಿ ಮಷೀನ್ ಎಂಬ್ರಾಯ್ಡರಿಗೆ ಆರ್ಡರ್ ತೆಗೆದುಕೊಳ್ಳುತ್ತಿದ್ದಾರೆ. ಕೇಳಿದರೆ, ‘ಕಸೂತಿ ಏನು ನಿಮ್ಮ ಮನೆ ಆಸ್ತಿನಾ? ರಿಜಿಸ್ಟರ್ ಮಾಡಿಸಿದ್ದೀರಾ?’ ಎನ್ನುತ್ತಾರೆ. ಸುಮ್ಮನಿರಬೇಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಸುಮ್ಮನಿರಬೇಡಿ. ನಾನೂ ಕಸೂತಿ ಹಾಕುವವಳು, ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು. ಗಾವಂತಿ ಹೊಲಿಗೆಯಲ್ಲಿ ಎಳೆ ಎಣಿಸಿಕೊಂಡು ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಖಾಲಿ ಜಾಗ ತುಂಬಬೇಕು. ಒಂದು ಎಳೆ ತಪ್ಪಿದರೂ ಸಾಲಿಗೆ ಸಾಲೇ ಬಿಚ್ಚಬೇಕು. ಆ ಶ್ರಮ ಗೊತ್ತಿದ್ದವರು ಹೆಸರು ಕತ್ತರಿಸುವುದಿಲ್ಲ.

ಅವರ ಮಾತಿನಲ್ಲಿ ಅರ್ಧ ನಿಜವಿದೆ. ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆ ಯಾರೊಬ್ಬರ ಆಸ್ತಿಯೂ ಅಲ್ಲ. ಗಾವಂತಿ, ಮುರಗಿ, ನೇಗಿ, ಮೆಂತಿ ಹೊಲಿಗೆಗಳೂ ಅಷ್ಟೇ. ಇಳಕಲ್ ಸೀರೆಯ ಮೇಲೆ ನಮ್ಮ ಅಜ್ಜಿಯಂದಿರು ಹಾಕಿಕೊಂಡು ಬಂದದ್ದನ್ನು ಅವರೂ ಹಾಕಬಹುದು, ನೀವೂ ಹಾಕಬಹುದು. ಆದರೆ ನವಿಲನ್ನು ಎಲ್ಲಿ ಕೂರಿಸಬೇಕು, ಯಾವ ಬಣ್ಣದ ಪಕ್ಕ ಯಾವುದು ಬರಬೇಕು ಎಂದು ಯೋಚಿಸಿ ಜೋಡಿಸಿದವರು ನೀವು. ಆ ಜೋಡಣೆ ನಿಮ್ಮದು. ಫೋಟೊ ನೀವೇ ತೆಗೆದಿದ್ದರೆ ಅದೂ ನಿಮ್ಮದೇ.

ಇನ್ನು ರಿಜಿಸ್ಟರ್ ವಿಷಯ. 1957ರ ಕಾಪಿರೈಟ್ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ. ಕೃತಿ ಮಾಡಿದ ಕೂಡಲೇ ಹಕ್ಕು ಬರುತ್ತದೆ. ನೀವು ಇರುವಷ್ಟು ಕಾಲ, ಆಮೇಲೆ 60 ವರ್ಷ ಇರುತ್ತದೆ. ಹವ್ಯಾಸಕ್ಕೆ ಮಾಡಿದ್ದು, ಮಾರುವುದಿಲ್ಲ ಎಂಬ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಅದೇ ಕಾಯ್ದೆಯ 57ನೇ ಸೆಕ್ಷನ್, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ, ತನ್ನ ಹೆಸರಿಗೆ ಕುಂದು ಬರುವಂತೆ ಅದನ್ನು ಹಾಳು ಮಾಡದಂತೆ ತಡೆಯುವ ಹಕ್ಕನ್ನೂ ಕಲಾವಿದರಿಗೆ ಕೊಡುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ 1979ರಲ್ಲಿ ಕಿತ್ತು ಹಾಳು ಮಾಡಿತು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪವನ್ನು ಅವರಿಗೇ ವಾಪಸ್ ಕೊಡಿಸಿ, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು. ಮಾಡಿಸಿಕೊಂಡ ಸರ್ಕಾರಕ್ಕೇ ಇಲ್ಲದ ಸ್ವಾತಂತ್ರ್ಯ ಫೋಟೊ ಎತ್ತಿಕೊಂಡವರಿಗೆ ಎಲ್ಲಿಂದ ಬರಬೇಕು?

ಮೊದಲು ಅವರ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಮೆಸೇಜ್ ಹೋದ ಮೇಲೆ ಅವರು ಅಳಿಸಿಬಿಡಬಹುದು. ನಂತರ ‘ಇದು ನನ್ನ ಕೆಲಸ, ತೆಗೆಯಿರಿ’ ಎಂದು ಮರ್ಯಾದೆಯಿಂದಲೇ ಬರೆಯಿರಿ. ಕೇಳದಿದ್ದರೆ ಇನ್‌ಸ್ಟಾಗ್ರಾಂನಲ್ಲಿ ಕಾಪಿರೈಟ್ ದೂರಿಗೆಂದೇ ಬೇರೆ ಫಾರ್ಮ್ ಇದೆ. ಅದನ್ನು ನೀವೇ ತುಂಬಬೇಕು, ಗೆಳತಿಯರೆಲ್ಲ ಸೇರಿ ರಿಪೋರ್ಟ್ ಒತ್ತಿದರೆ ಆಗದು. ನಿಮ್ಮ ಹೆಸರು, ಇಮೇಲ್ ಎದುರಿನವರಿಗೆ ಹೋಗಬಹುದು, ಹಾಗಾಗಿ ಇದಕ್ಕೆಂದೇ ಬೇರೆ ಇಮೇಲ್ ಇಟ್ಟುಕೊಳ್ಳಿ.

ಇನ್ನು ಮುಂದೆ ಅರ್ಧ ಹಾಕಿದ ಬಟ್ಟೆಯ ಫೋಟೊ, ಹಿಂಬದಿಯ ಫೋಟೊ ತೆಗೆದು ಯಾರಿಗೂ ತೋರಿಸದೆ ಇಟ್ಟುಕೊಳ್ಳಿ. ಗಂಟಿಲ್ಲದೆ ಎರಡೂ ಕಡೆ ಒಂದೇ ಥರ ಕಾಣುವ ಗಾವಂತಿಯ ಹಿಂಬದಿ ನಿಮ್ಮ ಬಳಿ ಮಾತ್ರ ಇದ್ದರೆ ಅದಕ್ಕಿಂತ ಸಾಕ್ಷಿ ಬೇಕೇ? ಒಂದು ಎಚ್ಚರಿಕೆ: ನಾಳೆ ನೀವೇ ಹೊಸ ವಿನ್ಯಾಸವೊಂದನ್ನು ಮಷೀನಿನಲ್ಲಿ ಹಾಕಿಸಿ ಮಾರುವುದಾದರೆ, ಅದನ್ನು ಎಲ್ಲೂ ಹಂಚಿಕೊಳ್ಳುವ ಮೊದಲೇ ಡಿಸೈನ್ ನೋಂದಣಿ ಮಾಡಿಸಿ (ಇದು ಕಾಪಿರೈಟ್ ನೋಂದಣಿಯಲ್ಲ, ಬೇರೆ ಕಾಯ್ದೆಯದು). ಮಾಡಿಸದೆ 50ಕ್ಕಿಂತ ಜಾಸ್ತಿ ಪ್ರತಿ ತೆಗೆದರೆ ಆ ವಿನ್ಯಾಸದ ಕಾಪಿರೈಟ್ ಹೋಗುತ್ತದೆ.

ಪ್ರಶ್ನೆ: ನಮ್ಮ ಪೇಜಿನಲ್ಲಿ ಬೇರೆಯವರ ರಂಗೋಲಿ, ಹಸೆ ಚಿತ್ತಾರದ ಫೋಟೊ ಹಾಕಿ ‘ಕೃಪೆ: ಅಂತರ್ಜಾಲ’ ಎಂದು ಬರೆಯುತ್ತೇವೆ. ಸಾಕಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಲದು. ಅಂತರ್ಜಾಲ ಯಾರ ಹೆಸರೂ ಅಲ್ಲ. ಹೆಸರು ಹಾಕಿದರೂ ಅದು ಒಪ್ಪಿಗೆ ಕೇಳಿದಂತೆ ಆಗುವುದಿಲ್ಲ. ‘ನಿಮ್ಮ ಚಿತ್ತಾರ ತುಂಬಾ ಚೆನ್ನಾಗಿದೆ, ನಮ್ಮ ಪೇಜಿನಲ್ಲಿ ಹಾಕಬಹುದಾ? ಹೆಸರು ಹೇಗೆ ಬರೆಯಲಿ?’ ಎಂದು ಒಂದು ಮೆಸೇಜ್ ಕಳಿಸಿ. ಜಾಸ್ತಿ ಜನ ಖುಷಿಯಿಂದ ಹೂಂ ಎನ್ನುತ್ತಾರೆ. ಫೋಟೊ ಡೌನ್‌ಲೋಡ್ ಮಾಡುವ ಬದಲು ಅವರ ಪೋಸ್ಟನ್ನೇ ಶೇರ್ ಮಾಡಿ, ನೋಡಿದವರು ಅವರ ಹತ್ತಿರವೇ ಹೋಗುತ್ತಾರೆ. ನಿಮ್ಮ ಪೇಜಿನ ಲೋಗೊ ಅದರ ಮೇಲೆ ಒತ್ತಬೇಡಿ. ವಾಟ್ಸಾಪ್‌ನಲ್ಲಿ ಬಂದದ್ದು, ಯಾರದೆಂದು ತಿಳಿಯದು ಎಂದಾದರೆ ಹಾಕುವುದೇ ಬೇಡ. ಹಾಕಿದ ಮೇಲೆ ಯಾರಾದರೂ ತೆಗೆಯಿರಿ ಎಂದರೆ ವಾದ ಮಾಡದೆ ಅಂದೇ ತೆಗೆದುಬಿಡಿ.