ಮಳೆಗಾಲದ ಸುಖಕ್ಕೆ ಜನವರಿಯಲ್ಲೇ ಸೌದೆ

ನಿಮ್ಮ ಪ್ರಶ್ನೆ: “ಬೆಂಗಳೂರು ಬಿಟ್ಟು ಕೊಡಗಿನ ನಾಪೋಕ್ಲು ಕಡೆ ಅರ್ಧ ಎಕರೆ ರೊಬಸ್ಟಾ ಕಾಫಿ ಇರುವ ಹಳೇ ಹೆಂಚಿನ ಮನೆಗೆ ಈ ಜನವರಿಯಲ್ಲಿ ಬಂದಿದ್ದೇವೆ. ನಾವಿಬ್ಬರೇ. ಮಳೆ, ಒಲೆ, ಹಂಡೆ ನೀರು, ಸ್ವಂತ ಗಿಡದ ಕಾಫಿ, ಇಂಥ ಸಣ್ಣ ಸುಖಗಳಿಗೆಂದೇ ಬಂದದ್ದು. ಮೊದಲ ವರ್ಷ ಎಲ್ಲಿಂದ ಶುರು ಮಾಡಬೇಕು?”

ಸೌದೆಯಿಂದ. ನೀವು ಹೇಳಿದ ಒಂದೊಂದು ಸುಖಕ್ಕೂ ಇಲ್ಲಿ ತಿಂಗಳುಗಟ್ಟಲೆ ಮುಂಗಡ ಕೆಲಸ ಇದೆ. ಜುಲೈಯಲ್ಲಿ ಒಲೆ ಮುಂದೆ ಕೂರಬೇಕಾದರೆ ಜನವರಿಯಲ್ಲಿ ಸೌದೆ ಸೀಳಿಸಿರಬೇಕು. ಹೊಸದಾಗಿ ಬಂದವರು ಹೆಚ್ಚಿನವರು ಎಡವುವುದು ಇಲ್ಲೇ. ಏಪ್ರಿಲ್–ಮೇಯಲ್ಲಿ ಎಲ್ಲ ತೋಟದಲ್ಲೂ ಮರ ಕಪಾತು ನಡೆಯುತ್ತದೆ, ಕೊಂಬೆ ರಾಶಿ ಬೀಳುತ್ತದೆ, ಅಗ್ಗಕ್ಕೆ ಸಿಗುತ್ತದೆ. ಆದರೆ ಆ ಹಸಿ ಕೊಂಬೆ ಈ ಮಳೆಗಾಲಕ್ಕೆ ಒಣಗುವುದಿಲ್ಲ, ಅದು ಮುಂದಿನ ವರ್ಷದ ಸೌದೆ. ಹಸಿ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ. ಬೆಂಕಿಯ ಶಾಖವೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಹೋಗಿ, ನಿಮಗೆ ಹೊಗೆ ಮತ್ತು ಕಣ್ಣೀರು ಮಾತ್ರ ಉಳಿಯುತ್ತದೆ. ಹಾಗಾಗಿ ಈಗ ಕೊಳ್ಳುವಾಗ ಕಳೆದ ವರ್ಷದ ಸೌದೆಯನ್ನೇ ಕೇಳಿ. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ‘ಟಣ್’ ಅನ್ನುತ್ತದೆ, ಹಸಿ ಇದ್ದರೆ ‘ದಬ್’. ಕತ್ತರಿಸಿದ ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ಸಿಪ್ಪೆ ಸಲೀಸಾಗಿ ಏಳಬೇಕು.

ಇಬ್ಬರಿಗೆ ಹಂಡೆ ಒಲೆಗೆ ದಿನಕ್ಕೆ ಐದಾರು ಕೆಜಿ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 120 ದಿನಕ್ಕೆ ಸುಮಾರು 700 ಕೆಜಿ. ಸಂಜೆ ಬೆಂಕಿ ಕಾಯಿಸಿಕೊಳ್ಳುವ ಆಸೆಯೂ ಇದ್ದರೆ ಒಂದು ಟನ್ ಇರಲಿ. ಹಳೇ ಕಾಫಿ ಗಿಡದ ಬೊಡ್ಡೆಗೆ ಸಾಟಿ ಇಲ್ಲ: ಗಟ್ಟಿ, ನಿಧಾನ ಉರಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಸಿಲ್ವರ್ ಓಕ್ ಬೇಗ ಒಣಗುತ್ತದೆ, ಬೇಗ ಉರಿದೂ ಹೋಗುತ್ತದೆ. ಬೆಂಕಿ ಹಚ್ಚುವುದಕ್ಕೆ ಅದು, ಉಳಿಸುವುದಕ್ಕೆ ಕಾಫಿ ಬೊಡ್ಡೆ. ಜೋಡಿಸುವಾಗ ಕೆಳಗೆ ಎರಡು ಅಡ್ಡಮರ ಇಟ್ಟು ನೆಲದಿಂದ ಅರ್ಧ ಅಡಿ ಎತ್ತರಿಸಿ. ತಾರ್ಪಾಲನ್ನು ತಲೆ ಮೇಲೆ ಮಾತ್ರ ಹೊದಿಸಿ, ಪಕ್ಕ ತೆರೆದಿರಲಿ. ಸುತ್ತ ಬಿಗಿದು ಕಟ್ಟಿದರೆ ಒಳಗೆ ಬೆವತು ಅಣಬೆ ಏಳುತ್ತದೆ. ಸೌದೆ ರಾಶಿ ಹಾವಿಗೂ ಬೆಚ್ಚನೆಯ ಜಾಗ, ಸಂಧಿಗೆ ಬರಿಗೈ ಹಾಕಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಚಳಿಯೆಂದು ಮಲಗುವ ಕೋಣೆಗೆ ಕೆಂಡ ತಂದಿಟ್ಟು ಬಾಗಿಲು ಹಾಕಿಕೊಳ್ಳಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಬಚ್ಚಲಿನಲ್ಲಿ ಹಂಡೆ ಉರಿಯುವಾಗಲೂ ಕಿಟಕಿ ಒಂದು ಗೇಣು ತೆರೆದಿರಲಿ.

ಇನ್ನು ಕಾಫಿ. ನಿಮ್ಮ ರೊಬಸ್ಟಾ ಈಗಲೇ ಹಣ್ಣಾಗುತ್ತಿದೆ, ಕಾಯುವ ಹಾಗಿಲ್ಲ. ಇಬ್ಬರಿಗೆ ದಿನಕ್ಕೆ 30 ಗ್ರಾಂ ಪುಡಿ ಅಂದರೆ ವರ್ಷಕ್ಕೆ 11 ಕೆಜಿ. ಹುರಿಯುವಾಗ ಆರರಲ್ಲಿ ಒಂದು ಪಾಲು ತೂಕ ಇಳಿಯುತ್ತದೆ, ಆದ್ದರಿಂದ 13 ಕೆಜಿ ಬೀಜ ಬೇಕು. ಹೆಚ್ಚುಕಡಿಮೆ ಐದು ಕೆಜಿ ಹಣ್ಣಿಗೆ ಒಂದು ಕೆಜಿ ಬೀಜ; ಮನೆ ಖರ್ಚಿಗೆ 65 ಕೆಜಿ ಹಣ್ಣು ಎತ್ತಿಟ್ಟರೆ ಸಾಕು, ಮಿಕ್ಕಿದ್ದು ಮಾರಿ.

ಆ 65 ಕೆಜಿಗೆ ಕೆಂಪಾದದ್ದನ್ನು ಮಾತ್ರ ಬಿಡಿಸಿ. ಹಸಿರು ಕಾಯಿ ಸೇರಿದರೆ ಕಾಫಿ ಒಗರು ಹೊಡೆಯುತ್ತದೆ. ಬಕೆಟ್ ನೀರಿಗೆ ಸುರಿದು ತೇಲಿದ್ದನ್ನು ತೆಗೆದುಬಿಡಿ, ಅದರಲ್ಲಿ ಜೊಳ್ಳು ಮತ್ತು ಕಾಯಿಕೊರಕ ತಿಂದದ್ದೇ ಹೆಚ್ಚು. ಕಣದಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ. ಮೊದಲ ಮೂರು ದಿನ ಸೋಮಾರಿತನ ಮಾಡಿದರೆ ಅಡಿಯಲ್ಲಿದ್ದದ್ದು ಬೂಷ್ಟು ಹಿಡಿಯುತ್ತದೆ, ಆ ಮುಗ್ಗಲು ವಾಸನೆ ಹುರಿದರೂ ಹೋಗುವುದಿಲ್ಲ. ಸಂಜೆ ಗುಡ್ಡೆ ಮಾಡಿ ತಾರ್ಪಾಲು ಹೊದಿಸಿ, ಮಂಜು ತಾಗಬಾರದು. ಹನ್ನೆರಡರಿಂದ ಹದಿನೈದು ಬಿಸಿಲು ಬೇಕು. ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಅದೇ ಗುರುತು. ಸಿಪ್ಪೆ ಸಮೇತವೇ ಗೋಣಿಯಲ್ಲಿ ತುಂಬಿ ಹಲಗೆ ಮೇಲಿಡಿ. ಬೇಕಾದಾಗ ಅಷ್ಟಷ್ಟೇ ಹಲ್ಲರ್ (ಸಿಪ್ಪೆ ಬಿಡಿಸುವ ಯಂತ್ರ) ಮಾಡಿಸಿ, ಇಲ್ಲವೇ ಒರಳಲ್ಲಿ ಕುಟ್ಟಿ ಕೇರಿ.

ಹುರಿಯುವುದು ನನ್ನ ಪ್ರಕಾರ ಈ ಬದುಕಿನ ಅತಿ ಅಗ್ಗದ, ಅತಿ ದೊಡ್ಡ ಸುಖ. ದಪ್ಪ ಕಬ್ಬಿಣದ ಬಾಣಲೆಗೆ 250 ಗ್ರಾಂ ಬೀಜ, ಅದಕ್ಕಿಂತ ಹೆಚ್ಚು ಬೇಡ. ಒಡಕು ಬೀಜ ಮೊದಲೇ ಆರಿಸಿ, ಅವು ಮುಂಚೆ ಕರಕಲಾಗಿ ಎಲ್ಲಕ್ಕೂ ಕಹಿ ಹಚ್ಚುತ್ತವೆ. ಎಣ್ಣೆ ಹಾಕಬೇಡಿ. ಮಧ್ಯಮ ಉರಿ, ಕೈ ನಿಲ್ಲಬಾರದು. ಐದು ನಿಮಿಷಕ್ಕೆ ಬೀಜ ಹಳದಿಯಾಗಿ ಒಣಹುಲ್ಲಿನ ವಾಸನೆ ಬರುತ್ತದೆ. ಒಂಬತ್ತು–ಹತ್ತಕ್ಕೆ ಬ್ರೆಡ್ ಸುಟ್ಟಂಥ ಘಮ. ಹನ್ನೆರಡು–ಹದಿಮೂರರ ಹೊತ್ತಿಗೆ ಚಟಪಟ ಸಿಡಿಯಲು ಶುರುವಾಗುತ್ತದೆ. ಅಲ್ಲಿ ಉರಿ ತಗ್ಗಿಸಿ. ಫಿಲ್ಟರ್ ಕಾಫಿಗೆ ಇನ್ನು ಎರಡು–ಮೂರು ನಿಮಿಷ. ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಕಡಿಮೆ ಇರುವಾಗಲೇ ಮೊರಕ್ಕೆ ಸುರಿಯಿರಿ, ಒಳಗಿನ ಬಿಸಿಗೆ ಬೀಜ ಇನ್ನೂ ಹುರಿಯುತ್ತಲೇ ಇರುತ್ತದೆ. ಅಂಗಳದಲ್ಲಿ ನಿಂತು ಕೇರಿದರೆ ತೆಳು ಸಿಪ್ಪೆ ಹಾರಿಹೋಗುತ್ತದೆ, ಬೀಜವೂ ತಣಿಯುತ್ತದೆ. ಉರಿ ಜೋರಾದರೆ ಹೊರಗೆ ಕಪ್ಪು, ಒಳಗೆ ಹಸಿ. ತೀರಾ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಎಳೆದರೆ ಬಣ್ಣ ಬರುತ್ತದೆ, ರುಚಿ ಸಪ್ಪೆ. ಪುಡಿ ಮಾಡುವ ಮೊದಲು ಒಂದು ದಿನ ಬಿಡಿ.

ಬೆಲ್ಲದ ಕಾಫಿ ಮಾಡುವಾಗ ಹಾಲು ಒಡೆಯಿತು ಎಂದು ತುಂಬ ಜನ ಗೊಣಗುತ್ತಾರೆ. ಬೆಲ್ಲದ ಜೊತೆ ಹಾಲು ಕುದಿಸಿದರೆ ಒಡೆಯುವ ಸಂಭವವೇ ಹೆಚ್ಚು. ಬೆಲ್ಲವನ್ನು ನೀರಲ್ಲಿ ಕುದಿಸಿ, ಡಿಕಾಕ್ಷನ್ ಸೇರಿಸಿ, ಒಲೆಯಿಂದ ಇಳಿಸಿದ ಮೇಲೆ ಬಿಸಿ ಹಾಲು ಹಾಕಿ. ಇಲ್ಲಿಯ ಹಳಬರು ಹಾಲಿಲ್ಲದೆ ಕುಡಿಯುವುದೇ ಹೆಚ್ಚು.

ಕೊಯ್ಲು ಫೆಬ್ರವರಿಯಲ್ಲೇ ಮುಗಿಸಲು ನೋಡಿ, ಯಾಕೆಂದರೆ ಆಮೇಲೆ ಹೂಮಳೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಒಂದು ಇಂಚಿನಷ್ಟು ಮಳೆ ಸಿಕ್ಕಿದರೆ ಎಂಟು–ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯ ಹಾಗೆ ಪರಿಮಳ. ಎರಡು–ಮೂರು ದಿನದ ಮಾತು, ಆ ವಾರ ಊರು ಬಿಟ್ಟು ಹೋಗಬೇಡಿ. ರೊಬಸ್ಟಾ ಹೂವಿಗೆ ಸ್ವಂತ ಗಿಡದ ಪರಾಗ ಒಗ್ಗುವುದಿಲ್ಲ, ಗಾಳಿ ಮತ್ತು ಜೇನು ಪಕ್ಕದ ಗಿಡದ್ದನ್ನು ತರಬೇಕು. ಹಾಗಾಗಿ ಹೂವಿದ್ದಾಗ ಔಷಧಿ ಹೊಡೆಯುವುದು, ಗಿಡದ ನಡುವೆ ಓಡಾಡಿ ಕೊಂಬೆ ಅಲುಗಿಸುವುದು ಎರಡೂ ಬೇಡ. ದಾರಿಯಲ್ಲಿ ನಿಂತು ನೋಡಿ.

ಒಂದು ಮಳೆಮಾಪಕ ತಂದಿಡಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ತೋಟದವರು ಮಾತಾಡುವುದು ಈ ಸೆಂಟಿನ ಲೆಕ್ಕದಲ್ಲೇ. ಅದಿಲ್ಲದಿದ್ದರೆ ನೇರ ಗೋಡೆಯ ಡಬ್ಬ ಮತ್ತು ಸ್ಕೇಲ್ ಆದರೂ ನಡೆಯುತ್ತದೆ. ಮರದ ಹನಿ ಬೀಳದ ಬಯಲಲ್ಲಿಟ್ಟು ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಕುಶಾಲನಗರಕ್ಕೂ ಭಾಗಮಂಡಲಕ್ಕೂ ಮಳೆಯಲ್ಲಿ ಹಲವು ಪಟ್ಟು ವ್ಯತ್ಯಾಸ ಇರುವ ಜಿಲ್ಲೆಯಿದು, ಪೇಟೆಯ ಲೆಕ್ಕ ನಿಮ್ಮ ಅಂಗಳಕ್ಕೆ ಆಗುವುದಿಲ್ಲ. ಅದೂ ಅಲ್ಲದೆ, ಪಕ್ಕದ ಮನೆಯವರ ಜೊತೆ ಮಾತು ಶುರುವಾಗಲು “ನಿಮ್ಮಲ್ಲಿ ಎಷ್ಟು ಸೆಂಟ್?” ಎಂಬುದಕ್ಕಿಂತ ಒಳ್ಳೆಯ ಮಾತಿಲ್ಲ.

ಮನೆ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದ್ದರೆ ಮಳೆಗೆ ಮೊದಲು ಅದರ ಮೇಲಿನ ಚರಂಡಿ ಬಿಡಿಸಿ, ನೀರು ಬರೆಯ ಮೇಲಿಂದ ಇಳಿಯಬಾರದು. ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾಗಿ ಬರುವ ಒರತೆ, ಇವುಗಳಲ್ಲಿ ಯಾವುದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ. 2018ರ ಆಗಸ್ಟ್‌ನ ಭೂಕುಸಿತಗಳ ನಂತರ ಇಲ್ಲಿ ಯಾರೂ ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಳೆಯ ತೇವ ತಾಗದಂತೆ ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ, ಉಪ್ಪು ಭರಣಿಗೆ ಹೋಗಲಿ, ಚರ್ಮದ ಚಪ್ಪಲಿ, ಬೆಲ್ಟು ಒಲೆ ಇರುವ ಕೋಣೆಗೆ.

ನಡಿಗೆಯ ಸುಖಕ್ಕೆ ಹೊತ್ತು ನೋಡಬೇಕು. ಆನೆ ಓಡಾಟ ಇರುವ ಕಡೆ ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ, ಕತ್ತಲಾಗುವ ಮುನ್ನ ಮನೆ ಸೇರಿ. ಮನೆ ಹತ್ತಿರದ ಹಲಸನ್ನು ಹಣ್ಣಾಗಲು ಬಿಡದೆ ಕಾಯಿಯಲ್ಲೇ ಇಳಿಸಿ, ಪಲ್ಯಕ್ಕಾಯಿತು. ಹಣ್ಣಿನ ವಾಸನೆಗೆ ಆನೆ ಅಂಗಳಕ್ಕೇ ಬರುತ್ತದೆ. ಜಿಗಣೆ ಕಚ್ಚಿದರೆ ಎಳೆಯಬೇಡಿ, ಉಗುರನ್ನು ಬಾಯಿಯ ಪಕ್ಕ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುತ್ತದೆ, ಸ್ವಲ್ಪ ಹೊತ್ತು ಸೋರುವುದು ಸಹಜ.

ಮಳೆಗಾಲದ ತಿನಿಸಿನಲ್ಲಿ ಎರಡೇ ಹೇಳುತ್ತೇನೆ. ಕಣಿಲೆಯನ್ನು, ಅಂದರೆ ಎಳೆ ಬಿದಿರಿನ ಮೊಳಕೆಯನ್ನು, ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಹುಡುಕಿ, ಕಾಡಿಗೆ ನುಗ್ಗಬೇಡಿ. ಹಸಿ ಕಣಿಲೆಯಲ್ಲಿ ಸಯನೈಡ್ ಆಗಬಲ್ಲ ಅಂಶ ಇದೆ. ತೆಳ್ಳಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು–ಮೂರು ದಿನ ನೆನೆಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿ. ಅಣಬೆಯನ್ನು ಮಾತ್ರ ಮೊದಲ ವರ್ಷ ನೀವೇ ಗುರುತಿಸಿ ಕೀಳುವ ಧೈರ್ಯ ಮಾಡಬೇಡಿ.

ಇನ್ನೊಂದು ಮದ್ದು ಸೊಪ್ಪು. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಆಸುಪಾಸು, ಪಕ್ಕದ ಮನೆಯವರನ್ನು ಕೇಳಿದರೆ ಬೇಲಿಯಿಂದಲೇ ಕಿತ್ತು ಕೊಡುತ್ತಾರೆ. ಎಲೆ, ದಂಟು ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಸೋಸಿ, ಆ ನೀರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿದರೆ ಪಾಯಸ. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ಸೊಪ್ಪಿನ ಬಣ್ಣ, ಗಾಬರಿಯಾಗಿ ಆಸ್ಪತ್ರೆಗೆ ಓಡಬೇಡಿ.