ರಬ್ಬಿ ತಪ್ಪು ಹೇಳಿದರೂ ಕೇಳಲೇಬೇಕಾ?

ಪ್ರಶ್ನೆ: ಯಹೂದಿಗಳಲ್ಲಿ ಪೋಪ್ ಇಲ್ಲ, ನಮ್ಮ ಮಠಗಳ ಹಾಗೆ ಪೀಠವೂ ಇಲ್ಲ ಅಂತ ಓದಿದ್ದೇನೆ. ಹಾಗಾದರೆ ಅವರ ಧರ್ಮಗುರುಗಳಾದ ರಬ್ಬಿಗಳಿಗೆ ಧರ್ಮದ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರ ಎಲ್ಲಿಂದ ಬಂತು? ಅವರು ಹೇಳಿದ್ದು ತಪ್ಪು ಅಂತ ಗೊತ್ತಿದ್ದರೂ ಪಾಲಿಸಲೇಬೇಕಾ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸುಮಾರು 1,900 ವರ್ಷಗಳ ಹಿಂದೆ ರಬ್ಬಿ ಯೆಹೋಶುವ ಎಂಬ ದೊಡ್ಡ ವಿದ್ವಾಂಸರು ಇದೇ ಸಂಕಟಕ್ಕೆ ಸಿಕ್ಕಿದ್ದರು.

ಆ ಕಾಲದಲ್ಲಿ ಅಮಾವಾಸ್ಯೆ ಕಳೆದು ಚಂದ್ರ ಕಂಡ ಮೇಲೆ ಯಹೂದಿಗಳ ತಿಂಗಳು ಶುರುವಾಗುತ್ತಿತ್ತು. ಸಾಕ್ಷಿಗಳು ಬಂದು 'ನೋಡಿದೆವು' ಎನ್ನಬೇಕು, ನ್ಯಾಯಸಭೆ ಅದನ್ನು ಸಾರಬೇಕು. ಯಾವ್ನೆ ಎಂಬ ಊರಿನಲ್ಲಿದ್ದ ಆ ಸಭೆಯ ಮುಖ್ಯಸ್ಥ ರಬ್ಬಾನ್ ಗಮ್ಲಿಯೇಲ್ ಒಮ್ಮೆ ಅನುಮಾನ ಹುಟ್ಟಿಸುವ ಸಾಕ್ಷಿಯನ್ನು ಒಪ್ಪಿಕೊಂಡರು. ಚಂದ್ರ ಕಂಡಿತು ಎಂದಿದ್ದರು, ಮರುರಾತ್ರಿ ಅದು ಕಾಣಲಿಲ್ಲ. ಇನ್ನೊಬ್ಬ ವಿದ್ವಾಂಸ ರಬ್ಬಿ ದೋಸಾ ಸಿಟ್ಟಾದರು. ಹೆರಿಗೆಯಾಯಿತು ಅಂತ ಹೇಳಿ ಮರುದಿನವೂ ಹೊಟ್ಟೆ ಹಾಗೇ ಇದ್ದರೆ ನಂಬುವುದು ಹೇಗೆ ಅಂತ ಕೇಳಿದರು. ಯೆಹೋಶುವ ಅವರಿಗೂ ಅದೇ ಸರಿ ಅನ್ನಿಸಿತು. ಆಗ ಗಮ್ಲಿಯೇಲ್ ಯೆಹೋಶುವ ಅವರಿಗೆ ಹೇಳಿ ಕಳಿಸಿದರು: ನಿಮ್ಮ ಲೆಕ್ಕದಲ್ಲಿ ಯೋಮ್ ಕಿಪ್ಪುರ್ ಬೀಳುವ ದಿನ ಕೈಯಲ್ಲಿ ಕೋಲು, ಹಣ ಹಿಡಿದು ನನ್ನ ಹತ್ತಿರ ಬನ್ನಿ.

ಯೋಮ್ ಕಿಪ್ಪುರ್ ವರ್ಷದಲ್ಲೇ ಅತಿ ಪವಿತ್ರವಾದ ಉಪವಾಸದ ದಿನ. ಅಂದು ಹಣ ಮುಟ್ಟುವಂತಿಲ್ಲ, ಪ್ರಯಾಣ ಮಾಡುವಂತಿಲ್ಲ. ಯೆಹೋಶುವ ಅವರ ನೋವು ಎಂಥದ್ದಿರಬಹುದು, ಯೋಚಿಸಿ. ಅದೇ ಕಾಲದ ವಿದ್ವಾಂಸ ರಬ್ಬಿ ಅಕಿವಾ ಬಂದು ಸಮಾಧಾನ ಹೇಳಿದರು: 'ನೀವು ಸಾರಬೇಕಾದ ಹಬ್ಬಗಳು' ಎಂದಿದೆ ನಮ್ಮ ಮೂಲ ಧರ್ಮಗ್ರಂಥ ತೋರಾ. ಸಭೆ ಸಾರಿದ ದಿನವೇ ಹಬ್ಬ. ದೋಸಾ ಕೂಡ ಮೆತ್ತಗಾದರು. ಈ ಸಭೆಯನ್ನು ಪ್ರಶ್ನಿಸಿದರೆ ಪ್ರವಾದಿ ಮೋಶೆಯ ಕಾಲದಿಂದ ಬಂದ ಎಲ್ಲ ಸಭೆಗಳನ್ನೂ ಪ್ರಶ್ನಿಸಬೇಕಾಗುತ್ತದೆ ಎಂದರು. ಯೆಹೋಶುವ ಕೋಲು ಹಿಡಿದು ಹೊರಟರು. ಗಮ್ಲಿಯೇಲ್ ಎದ್ದು ಬಂದು ಅವರ ತಲೆಗೆ ಮುತ್ತಿಟ್ಟು, 'ಬನ್ನಿ, ವಿದ್ಯೆಯಲ್ಲಿ ನನ್ನ ಗುರುಗಳೇ, ಮಾತು ಕೇಳಿದ್ದರಿಂದ ನನ್ನ ಶಿಷ್ಯರೇ' ಅಂದರು.

ಇಷ್ಟೇ ಓದಿ, ದೊಡ್ಡವರು ಹೇಳಿದ ಮೇಲೆ ಮುಗಿಯಿತು ಎನ್ನುವವರು ಬಹಳ ಜನ. ನನಗೆ ಅದು ಸರಿ ಕಾಣುವುದಿಲ್ಲ. ಅಕಿವಾ ಮಾತಾಡಿದ್ದು ಪಂಚಾಂಗದ ಬಗ್ಗೆ. ಊರೆಲ್ಲ ಒಂದೇ ದಿನ ಹಬ್ಬ ಮಾಡಬೇಕು, ಅಲ್ವಾ? ಅದಕ್ಕೆ ಯಾರಾದರೂ ಒಬ್ಬರ ಮಾತು ನಡೆಯಲೇಬೇಕು. ತಿನ್ನಬಾರದ್ದನ್ನು ತಿನ್ನಬಹುದು ಎಂದು ಸಭೆ ತಪ್ಪಾಗಿ ಹೇಳಿದರೆ ಕಥೆ ಬೇರೆ. ಅದಕ್ಕೆಂದೇ ರಬ್ಬಿಗಳ ಹಳೆಯ ಕಟ್ಟಳೆ ಸಂಗ್ರಹವಾದ ಮಿಶ್ನಾದಲ್ಲಿ 'ಹೊರಾಯೋತ್' ಎಂಬ ಭಾಗವಿದೆ. ತಪ್ಪು ಅಂತ ತಿಳಿದಿದ್ದೂ ಸಭೆಯ ಮಾತಿನಂತೆ ನಡೆದ ವಿದ್ವಾಂಸ ತಾನೇ ಪ್ರಾಯಶ್ಚಿತ್ತದ ಬಲಿ ಕೊಡಬೇಕು ಎನ್ನುತ್ತದೆ ಅದು. ತಿಳಿದೂ ಹೀಗೇಕೆ ಮಾಡಿದ? ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥ ತಾಲ್ಮುದ್ ಕೊಡುವ ಕಾರಣ ನಿಮ್ಮ ಪ್ರಶ್ನೆಗೆ ನೇರ ಉತ್ತರ: ತಪ್ಪು ಹೇಳಿದರೂ ಹಿರಿಯರ ಮಾತು ಕೇಳಬೇಕು ಅಂತ ಅವನು ಅಂದುಕೊಂಡಿದ್ದ. ಅವನು ಎಡವಿದ್ದೇ ಅಲ್ಲಿ.

ಗಮ್ಲಿಯೇಲ್ ಕಥೆಯೂ ಮುತ್ತಿಗೆ ಮುಗಿಯಲಿಲ್ಲ. ಮುಂದೊಮ್ಮೆ ಅವರು ಯೆಹೋಶುವ ಅವರನ್ನು ಸಭೆಯಲ್ಲಿ ನಿಲ್ಲಿಸಿಯೇ ಪಾಠ ಮುಂದುವರಿಸಿದರು. ಸಭೆ ತಿರುಗಿಬಿತ್ತು, ಅವರನ್ನೇ ಕೆಳಗಿಳಿಸಿತು. ಆಮೇಲೆ ಕ್ಷಮೆ ಕೇಳಲು ಯೆಹೋಶುವ ಅವರ ಮನೆಗೆ ಹೋದರೆ ಗೋಡೆಯೆಲ್ಲ ಮಸಿ. ನೀವು ಇದ್ದಿಲು ಕೆಲಸ ಮಾಡುತ್ತೀರಾ ಅಂತ ಕೇಳಿದರು. ವಿದ್ವಾಂಸರು ಹೊಟ್ಟೆಗೆ ಏನು ಮಾಡುತ್ತಾರೆ ಅಂತಲೂ ತಿಳಿಯದ ನಿಮ್ಮಂಥ ನಾಯಕ ಇರುವ ತಲೆಮಾರಿನ ಗತಿ ಏನು ಅಂತ ಯೆಹೋಶುವ ಮರುಮಾತಾಡಿದರು. ಹಬ್ಬದ ತೀರ್ಪು ನಿಂತಿತು, ಹೇಳಿದವರ ಪದವಿ ಅಲುಗಾಡಿತು.

ಈಗ ಅಧಿಕಾರದ ಮೂಲ. ಕಷ್ಟದ ವ್ಯಾಜ್ಯವನ್ನು ಆ ಕಾಲದಲ್ಲಿರುವ ನ್ಯಾಯಾಧಿಪತಿಯ ಹತ್ತಿರ ಒಯ್ಯಿರಿ ಎನ್ನುತ್ತದೆ ತೋರಾದ ಭಾಗವಾದ ಧರ್ಮೋಪದೇಶಕಾಂಡದ 17ನೇ ಅಧ್ಯಾಯ. ಮೋಶೆ ಯೆಹೋಶುವನ (ಇವನು ಬೇರೆ, ಮೋಶೆಯ ಶಿಷ್ಯ) ಮೇಲೆ ಕೈಯಿಟ್ಟು ಅಧಿಕಾರ ಕೊಟ್ಟ. ಹಾಗೆ ಗುರುವಿನಿಂದ ಶಿಷ್ಯನಿಗೆ ಬಂದ ಅಧಿಕಾರಕ್ಕೇ ಸ್ಮಿಖಾ ಅನ್ನುತ್ತಾರೆ. ಆ ಸರಪಳಿ 1,500 ವರ್ಷಗಳಿಗೂ ಹಿಂದೆ ಕಡಿದುಹೋಯಿತು. 1538ರಲ್ಲಿ ಸಫೇದ್ ಊರಿನ ರಬ್ಬಿ ಯಾಕೋವ್ ಬೆರಾವ್ ಮತ್ತೆ ಜೋಡಿಸಲು ನೋಡಿದರು. ಜೆರುಸಲೇಮಿನ ಲೇವಿ ಇಬ್ನ್ ಹಬೀಬ್ ಒಪ್ಪಲಿಲ್ಲ, ಅದು ನಿಲ್ಲಲಿಲ್ಲ. ಇವತ್ತಿನ ರಬ್ಬಿಯ ಪತ್ರ ಅವರು ಕಲಿತಿದ್ದಾರೆ ಎನ್ನುವುದಕ್ಕೆ ಸಾಕ್ಷಿ, ಅಷ್ಟೆ.

ಮತ್ತೆ ಜನ ಯಾಕೆ ಕೇಳುತ್ತಾರೆ? ತಾಲ್ಮುದ್‌ಗೆ ಎಲ್ಲರೂ ಬದ್ಧರು, ಯಾಕೆಂದರೆ ಇಡೀ ಇಸ್ರೇಲ್ ಜನ ಅದನ್ನು ಒಪ್ಪಿಕೊಂಡರು ಎಂದು 12ನೇ ಶತಮಾನದಲ್ಲಿ ಯಹೂದಿ ವಿದ್ವಾಂಸ ಮೈಮೊನಿಡೀಸ್ ಬರೆದರು. ನನ್ನ ಮಟ್ಟಿಗೆ ಗಟ್ಟಿಯಾದ ಬೇರು ಇದೇ. ಒಂದು ಉದಾಹರಣೆ: ಯಹೂದಿಗಳಲ್ಲದವರು ತಯಾರಿಸಿದ ಎಣ್ಣೆಯನ್ನು ಹಿಂದಿನವರು ನಿಷೇಧಿಸಿದ್ದರು. ಜನರಲ್ಲಿ ಆ ನಿಷೇಧ ಹರಡಲೇ ಇಲ್ಲ. ಹೆಚ್ಚಿನವರಿಗೆ ತಾಳಲಾಗದ ಕಟ್ಟಳೆ ಹೇರಬಾರದು ಅಂತ ರಬ್ಬಿ ಯೆಹೂದಾ ನೆಸಿಯಾ ಮತ್ತು ಅವರ ಸಭೆ ಅದನ್ನು ತೆಗೆದುಹಾಕಿತು.

ಇದಕ್ಕೆ ನಮ್ಮ ಪಕ್ಕದ ಕೊಂಕಣದ ಉದಾಹರಣೆಯೂ ಇದೆ. ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ 'ಶನಿವಾರ ತೇಲಿ' (ಶನಿವಾರದ ಗಾಣಿಗರು) ಅಂತ ಕರೆಸಿಕೊಂಡ ಅಲ್ಲಿನ ಯಹೂದಿಗಳು, ಬೆನೆ ಇಸ್ರೇಲ್ ಜನ, ಇಸ್ರೇಲಿಗೆ ವಲಸೆ ಹೋದರು. ಶತಮಾನಗಳ ಕಾಲ ದೂರ ಇದ್ದವರು, ಅವರ ಮದುವೆ, ವಿಚ್ಛೇದನ ಶಾಸ್ತ್ರದ ಪ್ರಕಾರ ನಡೆದಿತ್ತೋ ಇಲ್ಲವೋ ಎಂಬ ಅನುಮಾನ ಬಂತು. ಅವರು ಬೇರೆ ಯಹೂದಿಗಳನ್ನು ಮದುವೆಯಾಗಬೇಕಾದರೆ ವಂಶದ ತನಿಖೆ ಆಗಬೇಕು ಎಂದು 1960ರ ದಶಕದ ಆರಂಭದಲ್ಲಿ ಅಲ್ಲಿನ ಮುಖ್ಯ ರಬ್ಬಿ ಮಂಡಳಿ ಸೂಚನೆ ಕೊಟ್ಟಿತು. ಸರ್ಕಾರದ ಬಲವೂ ಆ ಮಂಡಳಿಯ ಹಿಂದಿತ್ತು. ಆದರೂ ಇವರು ಸುಮ್ನೆ ಕೂರಲಿಲ್ಲ, ಬೀದಿಗಿಳಿದರು. 1964ರಲ್ಲಿ ವಿಷಯ ಸಂಸತ್ತಿಗೂ ಹೋಯಿತು. ಕೊನೆಗೆ ಮಂಡಳಿ ಆ ಸೂಚನೆಯಿಂದ ಬೆನೆ ಇಸ್ರೇಲ್ ಎಂಬ ಹೆಸರನ್ನು ತೆಗೆಯಿತು.