ಡೈವ್ ಮುಗಿಸಿ ಘಾಟಿ ಹತ್ತುವುದು ಯಾವಾಗ?

ಸ್ಕೂಬಾ ಡೈವಿಂಗ್ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಮೊದಲ ಬಾರಿ ನೀರಿಗಿಳಿಯುವವರ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇವೆ. ಆಗಲೇ ಓಪನ್ ವಾಟರ್ ಕಾರ್ಡ್ (ಡೈವಿಂಗ್ ಕಲಿತ ಮೊದಲ ಹಂತದ ಪ್ರಮಾಣಪತ್ರ) ಪಡೆದು, ಗೈಡ್ ಜೊತೆ ದ್ವೀಪಗಳಿಗೆ ಹೊರಟವರ ಪ್ರಶ್ನೆಗಳಷ್ಟೇ ಇಲ್ಲಿವೆ.

ಪ್ರಶ್ನೆ: ಶನಿವಾರ ಮುರುಡೇಶ್ವರದ ನೇತ್ರಾಣಿ ದ್ವೀಪದಲ್ಲಿ ಎರಡು ಡೈವ್ ಮುಗಿಸಿ, ಅಂದೇ ರಾತ್ರಿ ಚಾರ್ಮಾಡಿ ಮೇಲೆ ಮನೆಗೆ ಬರುವ ಯೋಚನೆ ಇದೆ. ವಿಮಾನ ಹತ್ತುವವರು ಮಾತ್ರ ಕಾಯಬೇಕು, ಕಾರಿಗೆ ಆ ನಿಯಮವಿಲ್ಲ ಎನ್ನುತ್ತಾನೆ ಗೆಳೆಯ. ಸರಿಯೇ? (ಓದುಗರು, ಚಿಕ್ಕಮಗಳೂರು)

ಉತ್ತರ: ಸರಿಯಲ್ಲ. ವಾಹನ ಯಾವುದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಎಷ್ಟು ಎತ್ತರಕ್ಕೆ ಏರುತ್ತೀರಿ ಎಂಬುದಷ್ಟೇ ಲೆಕ್ಕ. ನೀರಿನಡಿ ಉಸಿರಾಡಿದ ಗಾಳಿಯ ಸಾರಜನಕ ಒತ್ತಡದಿಂದಾಗಿ ರಕ್ತ, ಸ್ನಾಯು, ಕೊಬ್ಬಿನಲ್ಲಿ ಕರಗಿ ಕೂತಿರುತ್ತದೆ. ದೋಣಿ ಹತ್ತಿದ ಮೇಲೂ ಅದು ಗಂಟೆಗಟ್ಟಲೆ ಉಸಿರಿನ ಮೂಲಕ ಹೊರಹೋಗುತ್ತಲೇ ಇರುತ್ತದೆ. ಅಷ್ಟರೊಳಗೆ ಸುತ್ತಲಿನ ಗಾಳಿಯ ಒತ್ತಡ ಇನ್ನೂ ಕಡಿಮೆಯಾದರೆ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಮೈಯೊಳಗೇ ಗುಳ್ಳೆ ಏಳುತ್ತದೆ. ಡಿಕಂಪ್ರೆಷನ್ ಕಾಯಿಲೆ ಎನ್ನುವುದು ಇದನ್ನೇ.

ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸೂಚನೆ ಹೀಗಿದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡುವು. ಇದು ಸುಮಾರು 610 ಮೀಟರಿನಿಂದ 2,440 ಮೀಟರ್ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಅನ್ವಯ. ಈಗ ನಮ್ಮ ಊರುಗಳನ್ನು ನೋಡಿ. ಆಗುಂಬೆಯೇ ಹೆಚ್ಚುಕಡಿಮೆ ಆ ಕೆಳಗಿನ ಗೆರೆಯಲ್ಲಿದೆ. ಹಾಸನ ಸಾವಿರ ಮೀಟರಿಗೆ ತುಸು ಕಡಿಮೆ, ಚಿಕ್ಕಮಗಳೂರು ಸುಮಾರು 1,090 ಮೀಟರ್. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ, ಅಂದರೆ ಹೆಚ್ಚುಕಡಿಮೆ ವಿಮಾನದ ಕ್ಯಾಬಿನ್ನಿನೊಳಗಿನ ಒತ್ತಡವೇ. ಕರಾವಳಿಯ ಡೈವರಿಗೆ ಮನೆ ಸೇರಿದರೆ ಮುಗಿಯಿತು. ಘಟ್ಟದ ಮೇಲಿನವರಿಗೆ ಮನೆಯೇ ಎತ್ತರದಲ್ಲಿದೆ.

ಹಾಗಾಗಿ ಪ್ರವಾಸದ ಲೆಕ್ಕವನ್ನು ವಾಪಸಾತಿಯಿಂದ ಹಿಂದಕ್ಕೆ ಹಾಕಬೇಕು. ನೇತ್ರಾಣಿಯ ಎರಡನೇ ಡೈವ್ ಮಧ್ಯಾಹ್ನ 12ಕ್ಕೆ ಮುಗಿದರೆ 18 ಗಂಟೆ ತುಂಬುವುದು ಭಾನುವಾರ ಬೆಳಿಗ್ಗೆ 6ಕ್ಕೆ. ಮುರುಡೇಶ್ವರದಿಂದ ಉಡುಪಿವರೆಗಿನ ಹೆದ್ದಾರಿ ಕಡಲ ಮಟ್ಟದಲ್ಲೇ ಸಾಗುತ್ತದೆ, ಉಜಿರೆವರೆಗೂ ಅಂಥ ಏರಿಲ್ಲ. ರಾತ್ರಿ ಧರ್ಮಸ್ಥಳದಲ್ಲೋ ಉಜಿರೆಯಲ್ಲೋ ಉಳಿದು, ಬೆಳಿಗ್ಗೆ ತಿಂಡಿ ಮುಗಿಸಿ ನಿಧಾನಕ್ಕೆ ಚಾರ್ಮಾಡಿ ಹತ್ತಿ. ಶಿರಾಡಿ ಮೇಲೆ ಹೋಗುವ ಹಾಸನದವರಿಗೆ ಸುಬ್ರಹ್ಮಣ್ಯ ಇದೆ. ರೈಲಿನಲ್ಲಿ ಹೋದರೂ ಹತ್ತುವುದು ಅದೇ ಘಟ್ಟ, ರಿಯಾಯಿತಿ ಇಲ್ಲ.

ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಬಳಸಿದ್ದೇವೆ, ಬೇಗ ಹತ್ತಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಇಲ್ಲ, ಕಾಯುವ ಅವಧಿ ಅಷ್ಟೇ ಇರಲಿ. ಡೈವ್ ಆದ ಕೆಲವು ಗಂಟೆಗಳಲ್ಲಿ ಭುಜ, ಮೊಣಕೈ ಸಂದಿನಲ್ಲಿ ನೋವು, ಮೈಮೇಲೆ ಬಲೆಯಂಥ ಕೆಂಪು ಕಲೆ, ಬೆರಳು ಜುಮ್ಮೆನ್ನುವುದು, ತಲೆಸುತ್ತು, ವಿಪರೀತ ಸುಸ್ತು ಕಂಡರೆ 'ಸಿಲಿಂಡರ್ ಹೊತ್ತ ನೋವು, ಮನೆಗೆ ಹೋಗಿ ನೋಡೋಣ' ಎಂದು ಘಾಟಿ ಹತ್ತಬೇಡಿ. ಕೆಳಗೇ ಇದ್ದು, ಆಮ್ಲಜನಕ ಕೊಡುವ ಆಸ್ಪತ್ರೆ ಸೇರಿ. ಡೈವ್ ಮಾಡಿದ್ದೇವೆ, ಇಷ್ಟು ಆಳ, ಇಷ್ಟು ಹೊತ್ತು ಎಂದು ವೈದ್ಯರಿಗೆ ಮೊದಲ ಮಾತಿಗೇ ಹೇಳಿ. ಇಲ್ಲದಿದ್ದರೆ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ.

ಪ್ರಶ್ನೆ: ಅಂಡಮಾನಿಗೆ ಹೊರಟ ಮೂವರಲ್ಲಿ ಇಬ್ಬರದು ಓಪನ್ ವಾಟರ್ ಕಾರ್ಡ್, ಒಬ್ಬರದು ಅದರ ಮುಂದಿನ ಹಂತದ ಅಡ್ವಾನ್ಸ್‌ಡ್. ಆರು ದಿನ ರಜೆ. ಯಾವ ತಿಂಗಳು, ದಿನ ಹೇಗೆ ಹಂಚಿಕೊಳ್ಳುವುದು? (ಓದುಗರು, ಹಾಸನ)

ಉತ್ತರ: ಅಕ್ಟೋಬರಿನಿಂದ ಮೇ ತನಕ ಸೀಸನ್. ಅದರಲ್ಲೂ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಡಲು ಹೆಚ್ಚು ಶಾಂತ. ಕಾಫಿ ತೋಟ ಇರುವವರಾದರೆ ಕುಯ್ಲು ಮುಗಿದಿರುತ್ತದೆ, ಆದರೆ ಹೂಮಳೆ ಕಾಯುವ ಕಾಲವೂ ಅದೇ. ಸ್ಪ್ರಿಂಕ್ಲರ್ ನೋಡಿಕೊಳ್ಳಲು ಯಾರನ್ನಾದರೂ ಒಪ್ಪಿಸಿ ಹೋಗಿ.

ತಿಂಗಳು ಗೊತ್ತಾದ ಮೇಲೆ ಪಂಚಾಂಗ ತೆರೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಇಳಿತ ಜೋರು, ನೀರಿನ ಸೆಳೆತವೂ ಜೋರು. ಅಷ್ಟಮಿಯಿಂದ ದಶಮಿಯ ಹೊತ್ತಿಗೆ ಎರಡೂ ತಗ್ಗುತ್ತವೆ. ಕಡಲ ನಡುವಿನ ಬಂಡೆಗಳ ಮೇಲಿನ ಡೈವ್‌ಗಳನ್ನು ಆ ದಿನಗಳಿಗೆ ಇಟ್ಟುಕೊಂಡರೆ ಹೊಸಬರಿಗೆ ಉಪಕಾರ.

ಮೊದಲ ದಿನ ಪೋರ್ಟ್ ಬ್ಲೇರ್‌ಗೆ (2024ರಿಂದ ಶ್ರೀ ವಿಜಯಪುರಂ) ವಿಮಾನ, ಅಲ್ಲಿಂದ ಹ್ಯಾವ್‌ಲಾಕ್‌ಗೆ ಹಡಗು. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಎಂಬ ಹೆಸರು, ಟಿಕೆಟ್‌ನಲ್ಲಿ ಅದನ್ನು ಕಂಡು ಗಾಬರಿಯಾಗಬೇಡಿ. ಎರಡನೇ ದಿನ 10–12 ಮೀಟರಿನ ಸಲೀಸು ಜಾಗದಲ್ಲಿ ಚೆಕ್ ಡೈವ್. ಗೈಡ್ ನಿಮ್ಮ ತೇಲುವಿಕೆ, ಗಾಳಿಯ ಖರ್ಚು, ಮಾಸ್ಕಿನ ನೀರು ತೆಗೆಯುವ ರೀತಿ ನೋಡುತ್ತಾರೆ. ಮುಂದಿನ ಜಾಗಗಳನ್ನು ಆರಿಸುವುದು ಅದರ ಮೇಲೆ. ಮೂರು, ನಾಲ್ಕನೇ ದಿನ ಎರಡೆರಡು ಡೈವ್. ಐದನೇ ದಿನ ನೀರಿಗಿಳಿಯದೆ ಹಡಗಿನಲ್ಲಿ ವಾಪಸ್, ಆರನೇ ದಿನ ವಿಮಾನ. ಕೊನೆಯ ಡೈವ್‌ಗೂ ವಿಮಾನಕ್ಕೂ 24 ಗಂಟೆಗಿಂತ ಹೆಚ್ಚು ಅಂತರ ಸಿಗುತ್ತದೆ, ಹವಾಮಾನ ಕೆಟ್ಟು ಹಡಗು ರದ್ದಾದರೂ ಒಂದು ದಿನ ಕೈಯಲ್ಲಿರುತ್ತದೆ. ವಿಮಾನ ಇಳಿದು ಹಾಸನಕ್ಕೆ ಬರಲು ಮತ್ತೆ ಕಾಯಬೇಕಿಲ್ಲ, ಕ್ಯಾಬಿನ್ನಿನ ಒತ್ತಡಕ್ಕಿಂತ ನಮ್ಮೂರಿನ ಒತ್ತಡ ಹೆಚ್ಚೇ ಇದೆ.

ತೊಡಕು ಇರುವುದು ನಿಮ್ಮ ಕಾರ್ಡುಗಳಲ್ಲಿ. ಓಪನ್ ವಾಟರ್‌ಗೆ 18 ಮೀಟರ್, ಅಡ್ವಾನ್ಸ್‌ಡ್‌ಗೆ 30 ಮೀಟರ್ ಮಿತಿ. ಹೆಸರುವಾಸಿಯಾದ ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್‌ನ ಹೆಚ್ಚಿನ ಭಾಗ 18 ಮೀಟರಿಗಿಂತ ಆಳ. 'ಗೈಡ್ ಇದ್ದಾರಲ್ಲ, ಒಂದೈದು ಮೀಟರ್ ಹೆಚ್ಚು ಹೋದರೇನು' ಎನ್ನುವ ಮಾತು ದೋಣಿಯಲ್ಲಿ ಕೇಳಿಬರುವುದುಂಟು. ಗೈಡ್ ದಾರಿ ತೋರಿಸುತ್ತಾರೆ, ಆಳ ತೋರಿಸುವ ನಿಮ್ಮ ಗೇಜ್ ನೋಡಬೇಕಾದವರು ನೀವೇ. ಇಬ್ಬರೂ ಅಲ್ಲೇ ಅಡ್ವಾನ್ಸ್‌ಡ್ ಕೋರ್ಸ್ ಮಾಡಿಕೊಳ್ಳುವುದು ಒಂದು ದಾರಿ: ಐದು ಡೈವ್, ಎರಡರಿಂದ ಮೂರು ದಿನ. ಆ ಐದೂ ನಿಮ್ಮ ಪ್ರವಾಸದ ಡೈವ್‌ಗಳೇ ಆಗುತ್ತವೆ.

ಬುಕಿಂಗ್ ಮಾಡುವಾಗ ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ? ನಾಲ್ಕಕ್ಕಿಂತ ಹೆಚ್ಚಾದರೆ ಬೇರೆ ಕಡೆ ನೋಡಿ. ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ, ಅದನ್ನು ಬಳಸಲು ಬಲ್ಲವರು ದೋಣಿಯಲ್ಲೇ ಇರುತ್ತಾರೆಯೇ? ಹತ್ತಿರದ ರೀಕಂಪ್ರೆಷನ್ ಚೇಂಬರ್ (ಡಿಕಂಪ್ರೆಷನ್ ಕಾಯಿಲೆಗೆ ಮತ್ತೆ ಒತ್ತಡ ಕೊಟ್ಟು ಚಿಕಿತ್ಸೆ ಮಾಡುವ ಕೋಣೆ) ಎಲ್ಲಿ? ಈ ಮೂರಕ್ಕೆ ತಡವರಿಸುವವರು ರಿಯಾಯಿತಿ ಎಷ್ಟೇ ಕೊಟ್ಟರೂ ಬೇಡ. ಪ್ರವಾಸ ವಿಮೆ ಇದ್ದರೆ ಅದರಲ್ಲಿ ಸ್ಕೂಬಾ ಸೇರಿದೆಯೇ, ಎಷ್ಟು ಮೀಟರ್‌ವರೆಗೆ ಎಂಬ ಸಾಲನ್ನು ಹುಡುಕಿ ಓದಿ.

ಪ್ರಶ್ನೆ: 20 ಮೀಟರಿನ ಡೈವ್‌ನಲ್ಲಿ ಗೈಡ್ ನನ್ನನ್ನು 25 ನಿಮಿಷಕ್ಕೇ ಮೇಲೆ ಕರೆದೊಯ್ದರು. ಉಳಿದವರು 45 ನಿಮಿಷ ಇದ್ದರು. ದುಡ್ಡು ಒಂದೇ, ಸಮಯ ಅರ್ಧ. ಇದು ಮೋಸವಲ್ಲವೇ? (ಓದುಗರು, ಸಕಲೇಶಪುರ)

ಉತ್ತರ: ಗಾಳಿ ಮುಗಿದದ್ದು ನಿಮ್ಮದು, ಲೆಕ್ಕ ಹಾಕಿ ನೋಡೋಣ. ಬಾಡಿಗೆಯ ಅಲ್ಯುಮಿನಿಯಂ ಸಿಲಿಂಡರ್ ಸುಮಾರು 11 ಲೀಟರಿನದು. 200 ಬಾರ್ (ಒತ್ತಡದ ಅಳತೆ) ತುಂಬಿದರೆ 2,200 ಲೀಟರ್ ಗಾಳಿ. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕು, ಹಾಗಾಗಿ ಕೈಗೆ ಸಿಗುವುದು 1,650 ಲೀಟರ್. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುವವರು 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟಾದ್ದರಿಂದ 60 ಲೀಟರ್ ಎಳೆಯುತ್ತಾರೆ. 1,650ನ್ನು 60ರಿಂದ ಭಾಗಿಸಿದರೆ 27 ನಿಮಿಷ. ನಿಮ್ಮ 25 ನಿಮಿಷ ಇದಕ್ಕೆ ಸರಿಯಾಗಿ ಕೂರುತ್ತದೆ. ನಿಮಿಷಕ್ಕೆ 12 ಲೀಟರಿನಲ್ಲಿ ಮುಗಿಸುವವರಿಗೆ ಅದೇ ಸಿಲಿಂಡರ್ 45 ನಿಮಿಷ ಬರುತ್ತದೆ.

ವ್ಯತ್ಯಾಸ ಶ್ವಾಸಕೋಶದ್ದಕ್ಕಿಂತ, ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ್ದು. ಪತ್ರದಲ್ಲಿ 10 ಕಿಲೋ ತೂಕ ಕಟ್ಟಿದ್ದರು ಎಂದು ಬರೆದಿದ್ದೀರಿ. ತೆಳು ಸೂಟಿಗೆ ಅದು ಬಹುತೇಕ ಎಲ್ಲರಿಗೂ ಜಾಸ್ತಿ. ಹೆಚ್ಚಿನ ಸೀಸ ಕೆಳಗೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ಬಿಸಿಡಿಗೆ (ತೇಲುವಿಕೆ ಹೊಂದಿಸುವ ಗಾಳಿಚೀಲದ ಜಾಕೆಟ್) ಗಾಳಿ ತುಂಬುತ್ತೀರಿ, ಮೈ ಓರೆಯಾಗಿ ಕಾಲು ಜೋಲುತ್ತದೆ, ಆ ಭಂಗಿಯಲ್ಲಿ ಕಾಲಿನ ಫಿನ್ ಬಡಿಯುವುದೆಂದರೆ ನೀರಿನಲ್ಲಿ ಗಾಡಿ ತಳ್ಳಿದ ಹಾಗೆ. ತೂಕ ನೋಡುವ ಕ್ರಮ: ಡೈವ್ ಕೊನೆಯಲ್ಲಿ ಸಿಲಿಂಡರಿನಲ್ಲಿ 50 ಬಾರ್ ಇರುವಾಗ, ಬಿಸಿಡಿಯ ಗಾಳಿಯನ್ನೆಲ್ಲ ಬಿಟ್ಟು, ಸಾಮಾನ್ಯ ಉಸಿರು ಹಿಡಿದು ಅಲ್ಲಾಡದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟಾಗ ನಿಧಾನ ಮುಳುಗಬೇಕು. ಡೈವ್ ಶುರುವಿನಲ್ಲೇ ನೋಡುವುದಾದರೆ ಖರ್ಚಾಗಲಿರುವ ಗಾಳಿಯ ತೂಕ ಸುಮಾರು ಎರಡು ಕಿಲೋ ಸೇರಿಸಿಕೊಳ್ಳಿ. ಇದನ್ನು ಮರೆತು ಕಡಿಮೆ ಕಟ್ಟಿದವರೇ ಕೊನೆಗೆ, ಮೇಲೆ ಬರುವ ಮುನ್ನ ಸುರಕ್ಷತೆಗಾಗಿ ಮಾಡುವ 5 ಮೀಟರಿನ ಮೂರು ನಿಮಿಷದ ನಿಲುಗಡೆಯಲ್ಲಿ ನಿಲ್ಲಲಾಗದೆ ಬೆಂಡಿನಂತೆ ಮೇಲಕ್ಕೆ ಚಿಮ್ಮುವುದು. ಈಜುಕೊಳದಲ್ಲಿ ಕಲಿತ ತೂಕ ಕಡಲಿಗೆ ಸಾಲುವುದಿಲ್ಲ. ಉಪ್ಪುನೀರಿಗೆ ಎರಡು ಮೂರು ಕಿಲೋ ಹೆಚ್ಚು ಬೇಕು.

ಗೈಡ್ ಮಾಡಿದ್ದು ಸರಿ. ಆದರೆ ಗಾಳಿ ಬೇಗ ಮುಗಿಸುವವರನ್ನೂ ನಿಧಾನದವರನ್ನೂ ಒಂದೇ ಗುಂಪಿಗೆ ಹಾಕಿದ್ದು ಸರಿಯಲ್ಲ. ಮುಂದಿನ ಸಲ ಚೆಕ್ ಡೈವ್‌ನಲ್ಲೇ ಲೆಕ್ಕ ಬರೆದಿಟ್ಟು, ಗುಂಪು ಮಾಡುವಾಗ ಹೇಳಿ.

ಪ್ರಶ್ನೆ: ಘಾಟಿ ಇಳಿಯುವಾಗಲೇ ಕಿವಿ ಕಟ್ಟುತ್ತದೆ, ತಿರುವುಗಳಲ್ಲಿ ವಾಂತಿಯೂ ಆಗುತ್ತದೆ. ದೋಣಿ, ಡೈವ್ ನನಗಾದೀತೇ? (ಓದುಗರು, ಬೇಲೂರು)

ಉತ್ತರ: ಆಗಬಹುದು, ಎರಡಕ್ಕೂ ತಯಾರಿ ಬೇಕು. ಸಾವಿರ ಮೀಟರ್ ಎತ್ತರದಿಂದ ಕಡಲ ಮಟ್ಟಕ್ಕೆ ಇಳಿದರೆ ಕಿವಿಯ ಮೇಲೆ ಹೆಚ್ಚುವ ಒತ್ತಡ, ನೀರಿನಲ್ಲಿ ಬರೀ ಒಂದು ಮೀಟರ್ ಇಳಿದಷ್ಟೇ! ಘಾಟಿಗೆ ಮುಕ್ಕಾಲು ಗಂಟೆ ಸಿಗುತ್ತದೆ, ನೀರಿನಲ್ಲಿ ಕೆಲವೇ ಸೆಕೆಂಡು. ಹಾಗಾಗಿ ನೋವಾಗುವವರೆಗೆ ಕಾಯದೆ, ಮೇಲ್ಮೈಯಲ್ಲೇ ಒಮ್ಮೆ, ನಂತರ ಪ್ರತಿ ಅರ್ಧ ಮೀಟರಿಗೊಮ್ಮೆ ಮೂಗು ಹಿಡಿದು ಮೆಲ್ಲನೆ ಊದಿ. ಹಗ್ಗ ಹಿಡಿದು ಕಾಲು ಮೊದಲಾಗಿ ಇಳಿಯಿರಿ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ, ಜೋರಾಗಿ ಊದಬೇಡಿ. ನೆಗಡಿ ಇದ್ದ ದಿನ ದೋಣಿಯಲ್ಲೇ ಕೂರಿ. ಮೂಗಿನ ಔಷಧಿಯ ಪರಿಣಾಮ ನೀರಿನಡಿ ಇರುವಾಗಲೇ ಇಳಿದರೆ, ಮೇಲೆ ಬರುವಾಗ ಗಾಳಿ ಸೈನಸ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ವಾಂತಿಯ ಮಾತ್ರೆ ಯಾವುದೆಂದು ವೈದ್ಯರನ್ನು ಕೇಳಿ, ಊರಲ್ಲೇ ಒಂದು ದಿನ ತಿಂದು ನೋಡಿ. ತೂಕಡಿಕೆ ತರಿಸುವಂಥದ್ದು ಡೈವ್‌ಗೆ ಬೇಡ.

ಪ್ರಶ್ನೆ: 2019ರ ಕಾರ್ಡ್, ಆಮೇಲೆ ಒಂದೂ ಡೈವ್ ಇಲ್ಲ. ನಮ್ಮ ತೋಟದ ಕೆರೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಂಡು ಹೋಗಲೇ? (ಓದುಗರು, ಆಲ್ದೂರು)

ಉತ್ತರ: ಬೇಡ. ಕಾರ್ಡ್‌ಗೆ ಅವಧಿ ಮುಗಿಯುವುದಿಲ್ಲ, ಕೈಗೆ ಮುಗಿದಿರುತ್ತದೆ. ಕೆರೆಯಲ್ಲಿ ಕೆಸರು, ಜೊಂಡು, ಒಂದು ಅಡಿಯೂ ಕಾಣದ ನೀರು. ಮೇಲಾಗಿ 300 ಮೀಟರ್ ಮೇಲಿನ ನೀರೆಲ್ಲ ಎತ್ತರದ ಡೈವಿಂಗ್‌ನ ಲೆಕ್ಕಕ್ಕೆ ಬರುತ್ತದೆ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಎಂದು ಹೇಳುವ ಕಡಲ ಮಟ್ಟದ ಕೋಷ್ಟಕ ಅಲ್ಲಿ ನಡೆಯುವುದಿಲ್ಲ. ದ್ವೀಪ ತಲುಪಿದ ಮೇಲೆ ಅರ್ಧ ದಿನದ ರಿಫ್ರೆಶರ್ ಮಾಡಿ. ಮಾಸ್ಕ್ ತೆಗೆದು ಹಾಕುವುದು, ಬಿಟ್ಟುಹೋದ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಹುಡುಕಿ ಬಾಯಿಗಿಡುವುದು, ಗಾಳಿ ಹಂಚಿಕೊಳ್ಳುವುದು, ಈ ಮೂರು ಬೆದರದೆ ಬಂದರೆ ಸಾಕು. ಲಾಗ್‌ಬುಕ್ ಒಯ್ಯಲು ಮರೆಯಬೇಡಿ.

ಪ್ರಶ್ನೆ: ಸ್ವಂತ ಮಾಸ್ಕ್, ರೆಗ್ಯುಲೇಟರ್, ಬಿಸಿಡಿ ಇವೆ. ಒಂದು ಮಳೆಗಾಲ ಕಳೆದು ಚೀಲ ತೆರೆದರೆ ಎಲ್ಲದಕ್ಕೂ ಬೂಷ್ಟು. ಏನು ಮಾಡಬೇಕು? (ಓದುಗರು, ಮೂಡಿಗೆರೆ)

ಉತ್ತರ: ಬೂಷ್ಟು ಹಿಡಿದದ್ದು ಮಳೆಗಾಲದಲ್ಲಾದರೂ, ಅದಕ್ಕೆ ಬೀಜ ಬಿದ್ದದ್ದು ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದ ದಿನ. ಡೈವ್ ಆದ ಮೇಲೆ ಸಿಹಿನೀರಲ್ಲಿ ನೆನೆಸಿ. ರೆಗ್ಯುಲೇಟರಿನ ಬಾಯಿ ಮುಚ್ಚುವ ಡಸ್ಟ್ ಕ್ಯಾಪ್ ಒಣಗಿಸಿ, ಬಿಗಿಯಾಗಿ ಹಾಕಿದ ನಂತರವೇ ಮುಳುಗಿಸಬೇಕು. ನೀರಿನಲ್ಲಿರುವಾಗ ಪರ್ಜ್ ಗುಂಡಿ (ಗಾಳಿ ಚಿಮ್ಮಿಸುವ ಗುಂಡಿ) ಒತ್ತಬಾರದು. ಒತ್ತಿದರೆ ಕವಾಟ ತೆರೆದು ನೀರು ಹೋಸ್ ಮೂಲಕ ಫಸ್ಟ್ ಸ್ಟೇಜ್‌ವರೆಗೆ (ಸಿಲಿಂಡರಿಗೆ ಕೂರುವ ಭಾಗ) ಹೋಗಿ, ಒಳಗಿನ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಬಿಸಿಡಿಯ ಒಳಕ್ಕೂ ಒಂದೆರಡು ಲೀಟರ್ ನೀರು ಬಿಟ್ಟು, ಕುಲುಕಿ, ತಲೆಕೆಳಗೆ ಮಾಡಿ ಹರಿಸಿ. ಉಪ್ಪು ಉಳಿಯುವುದು ಅಲ್ಲಿಯೇ. ನೆರಳಲ್ಲಿ, ಗಾಳಿಯಾಡುವ ಕಡೆ ಎರಡು ಮೂರು ದಿನ ತೂಗುಹಾಕಿ. ಕಾಫಿ ಕಣದ ಬಿಸಿಲಿಗೆ ಹರಡಬೇಡಿ, ರಬ್ಬರು ಸೀಳುತ್ತದೆ.

ಈಗ ಹಿಡಿದಿರುವ ಬೂಷ್ಟನ್ನು ಪಾತ್ರೆ ಸೋಪಿನ ನೀರು, ಮೆತ್ತನೆಯ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮಾಸ್ಕಿನ ಸಿಲಿಕೋನ್‌ನ ಒಳಗೆ ಇಳಿದ ಕಪ್ಪು ಚುಕ್ಕೆ ಪೂರ್ತಿ ಹೋಗುವುದಿಲ್ಲ, ಅಂಚು ಮೆತ್ತಗಿದ್ದು ಮುಖಕ್ಕೆ ಕೂತರೆ ಬಳಸಬಹುದು. ಬಾಯಿಗಿಡುವ ಮೌತ್‌ಪೀಸ್ ಮಾತ್ರ ಬದಲಾಯಿಸಿ. ಬಿಸಿಡಿಯ ಗಾಳಿಚೀಲದೊಳಗೆ ವಾಸನೆ ಬರುತ್ತಿದ್ದರೆ, ಒಳಗೆ ಬೆಳೆದಿದೆ ಎಂದರ್ಥ. ಅದನ್ನು ತೊಳೆಯುವ ದ್ರಾವಣ ಹಾಕದೆ ಬಾಯಿಂದ ಊದಿ ಉಸಿರು ಒಳಗೆಳೆದುಕೊಳ್ಳಬೇಡಿ. ರೆಗ್ಯುಲೇಟರ್ ಒಂದು ಮಳೆಗಾಲ ಹಾಗೇ ಬಿದ್ದಿದ್ದರೆ ನೀರಿಗಿಳಿಯುವ ಮೊದಲು ಸರ್ವಿಸ್ ಕಡ್ಡಾಯ.

ಇಡುವ ಜಾಗ: ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಬಿಸಿಡಿಯಲ್ಲಿ ಅರ್ಧ ಗಾಳಿ ತುಂಬಿಡಿ, ಒಳಗೋಡೆಗಳು ಅಂಟಿಕೊಳ್ಳುವುದಿಲ್ಲ. ಹೋಸ್‌ಗಳನ್ನು ಮಡಿಸದೆ ದೊಡ್ಡ ಸುತ್ತಾಗಿ ಸುತ್ತಿಡಿ. ಪಂಪ್‌ಸೆಟ್ ಮನೆ ಒಣಗಿದೆ ಎಂದು ಅಲ್ಲಿಡುವವರಿದ್ದಾರೆ. ಮೋಟರಿನ ಕಿಡಿಯಿಂದ ಹುಟ್ಟುವ ಓಝೋನ್, ಗಾಳಿ ಸೋರದಂತೆ ತಡೆಯುವ ರಬ್ಬರ್ ಓ-ರಿಂಗ್‌ಗಳನ್ನು ಬಿರುಕುಬಿಡಿಸುತ್ತದೆ. ಇಲಿ ಓಡಾಡದ ಅಟ್ಟವೇ ಮೇಲು.